ನಿಂತಾಗ ಬಿಸಿ, ಓಡುವಾಗ ತಂಪು

ಶಿರಾಡಿ ಘಾಟಿ ಹತ್ತುವಾಗ ಗ್ಯಾಸ್ ಟ್ಯಾಂಕರಿನ ಹಿಂದೆ ಸಿಕ್ಕಿಕೊಂಡವರಿಗೆ ಆ ವೇಗ ಗೊತ್ತಿರುತ್ತದೆ. ಫಸ್ಟ್ ಗೇರಿಗೆ ಜಾಸ್ತಿ, ಸೆಕೆಂಡ್ ಗೇರಿಗೆ ಕಮ್ಮಿ. ಓವರ್‌ಟೇಕ್ ಮಾಡೋಣವೆಂದರೆ ಎದುರಿಗೆ ತಿರುವು, ತಿರುವು ಮುಗಿದರೆ ಇನ್ನೊಂದು ಟ್ಯಾಂಕರು. 2024ರ ಏಪ್ರಿಲ್, ಭಾನುವಾರ, ಮಧ್ಯಾಹ್ನ ಎರಡರ ಹೊತ್ತು. ಪುತ್ತೂರಿನ ಮಾವನ ಮನೆಯಿಂದ ಹಾಸನಕ್ಕೆ ವಾಪಸ್ ಬರ್ತಾ ಇದ್ದೆವು. ಡಿಕ್ಕಿಯಲ್ಲಿ ಎರಡು ಹಲಸು, ಒಂದು ಚೀಲ ತೆಂಗಿನಕಾಯಿ, ಅತ್ತೆ ಪೇಪರಿನಲ್ಲಿ ಸುತ್ತಿ ಕೊಟ್ಟ ಹಪ್ಪಳ. ಗುಂಡ್ಯ ದಾಟಿ ಸ್ವಲ್ಪ ಹೊತ್ತಾಗಿತ್ತು, ಹೆಂಡತಿ ಎಸಿ ಕಿಂಡಿಗೆ ಕೈಯೊಡ್ಡಿ ಹೇಳಿದಳು: "ಎಂತ ಆಯ್ತು ಮಾರಾಯ್ರೇ ನಿಮ್ಮ ಕಾರಿಗೆ? ಬಿಸಿ ಗಾಳಿ ಬರ್ತಾ ಉಂಟು."

ಸರಿಯಾಗಿ ಓಡುವಾಗ ಅದು 'ನಮ್ಮ ಕಾರು'. ಕೈಕೊಟ್ಟಾಗ ಮಾತ್ರ 'ನಿಮ್ಮ ಕಾರು'. ಇದು ನಮ್ಮ ಮನೆಯ ವ್ಯಾಕರಣ.

ನಾನು ಎಸಿಯನ್ನು ನೋಡಲಿಲ್ಲ, ಮೀಟರಿನ ಟೆಂಪರೇಚರ್ ಮುಳ್ಳನ್ನು ನೋಡಿದೆ. ಅರ್ಧದಲ್ಲಿರಬೇಕಾದದ್ದು ಮುಕ್ಕಾಲು ದಾಟಿ ಕೆಂಪು ಗೆರೆಯ ಕಡೆ ಹೊರಟಿತ್ತು. ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯಿತು. ಭಯಕ್ಕಿಂತ ಹೆಚ್ಚಾಗಿ ಅವಮಾನ, ಯಾಕೆಂದರೆ ಇದೇ ಕಾಯಿಲೆಗೆಂದು ಅದಾಗಲೇ 11,400 ರೂಪಾಯಿ ಸುರಿದಿದ್ದೆ.

ನಮ್ಮದು 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕು. 2018ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಕಂಪನಿ ಹೆಸರು ಬೇಡ, ಹನ್ನೆರಡು ವರ್ಷದ ಗಾಡಿ ಕೆಡುವುದು ಕಂಪನಿಯ ತಪ್ಪಲ್ಲ. 2024ರ ಫೆಬ್ರವರಿಯಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ಎಸಿ ತಂಪಾಗುತ್ತಿಲ್ಲ ಅಂತ ಒಬ್ಬರ ಹತ್ತಿರ ಹೋದೆ. ಗ್ಯಾಸ್ ಕಮ್ಮಿಯಾಗಿದೆ ಅಂತ ತುಂಬಿಸಿದರು, 1,800. ಮಾರ್ಚಿನಲ್ಲಿ ಸಂತೆಪೇಟೆ ಟ್ರಾಫಿಕ್ಕಿನಲ್ಲಿ ಮುಳ್ಳು ಮೇಲೇರಿತು. ಬೇರೆ ಗ್ಯಾರೇಜು. ಥರ್ಮೋಸ್ಟಾಟ್ ವಾಲ್ವ್ ಹೋಗಿದೆ ಅಂದರು. ವಾಲ್ವು, ಹೊಸ ಕೂಲೆಂಟು (ಎಂಜಿನ್ ತಣಿಸುವ ದ್ರವ), ಲೇಬರ್ ಸೇರಿ 2,600. ಎರಡು ವಾರಕ್ಕೆ ಮತ್ತೆ ಅದೇ ಕಥೆ. ಮೂರನೇ ಕಡೆ ಹೋದೆ. ವಾಟರ್ ಪಂಪು, ಅದರ ಜತೆಗೆ ಬೆಲ್ಟು, ರೇಡಿಯೇಟರ್ ಬಿಚ್ಚಿ ತೊಳೆದದ್ದು, ಎಲ್ಲ ಸೇರಿ 7,000. "ಇನ್ನು ಐದು ವರ್ಷ ಬಾನೆಟ್ ಎತ್ತಂಗಿಲ್ಲ ಸಾರ್" ಅಂದಿದ್ದರು. ನಾನೂ ಎತ್ತಲಿಲ್ಲ, ಮೂರು ವಾರ.

ಘಾಟಿಯಲ್ಲಿ ಎಸಿ ಆರಿಸಿ, ಹೀಟರ್ ಪೂರ್ತಿ ತಿರುಗಿಸಿದೆ. ಇದು ಹಳೇ ಡ್ರೈವರುಗಳ ಉಪಾಯ. ಹೀಟರಿನೊಳಗೂ ಒಂದು ಪುಟ್ಟ ರೇಡಿಯೇಟರ್ ಇರುತ್ತದೆ, ಎಂಜಿನ್ನಿನ ಬಿಸಿ ಒಂದಷ್ಟು ಅದರ ಮೂಲಕ ಹೊರಗೆ ಹೋಗುತ್ತದೆ. ಎಲ್ಲಿಗೆ ಅಂದರೆ ನಮ್ಮ ಮುಖಕ್ಕೆ. ಏಪ್ರಿಲ್ ಮಧ್ಯಾಹ್ನ, ಶಿರಾಡಿಯಲ್ಲಿ, ಹೀಟರ್ ಹಾಕಿಕೊಂಡು ಕೂತ ಸಂಸಾರ ನಮ್ಮದೊಂದೇ ಇದ್ದಿರಬೇಕು. ಹೆಂಡತಿ ಏನೂ ಮಾತಾಡಲಿಲ್ಲ. ಮಾತಾಡಿದ್ದರೇ ಚೆನ್ನಾಗಿತ್ತು.

ರಸ್ತೆ ಪಕ್ಕ ಸ್ವಲ್ಪ ಜಾಗ ಕಂಡದ್ದೇ ನಿಲ್ಲಿಸಿ ಬಾನೆಟ್ ಎತ್ತಿದೆ. ನೀರು ಹುಯ್ಯಲೆಂದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕುವಷ್ಟರಲ್ಲಿ, ನೆರಳಿಗೆ ಲಾರಿ ನಿಲ್ಲಿಸಿಕೊಂಡಿದ್ದ ಕ್ಲೀನರ್ ಹುಡುಗ ಅಲ್ಲಿಂದಲೇ ಕೂಗಿದ: "ಅಣ್ಣಾ, ಮುಚ್ಚಳ ಮುಟ್ಬೇಡಿ, ಮುಖ ಸುಟ್ಟೋಗುತ್ತೆ!" ನಿಜ. ಆ ಮುಚ್ಚಳಕ್ಕೆ ಸ್ಪ್ರಿಂಗ್ ಇರುವುದೇ ಒಳಗೆ ಒತ್ತಡ ಹಿಡಿದಿಡಲು, ಕುಕ್ಕರಿನ ವೆಯ್ಟಿನ ಹಾಗೆ. ಒತ್ತಡ ಇರುವ ತನಕ ಕೂಲೆಂಟ್ ನೂರು ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ತಿರುಗಿಸಿದ ಮರುಕ್ಷಣ ಒತ್ತಡ ಇಳಿದು ಅಷ್ಟೂ ಉಕ್ಕಿ ಬರುತ್ತದೆ. ಕುಕ್ಕರ್ ವಿಷಯದಲ್ಲಿ ಎಲ್ಲರಿಗೂ ಇರುವ ಈ ಬುದ್ಧಿ ಬಾನೆಟ್ಟಿನ ಮುಂದೆ ನಿಂತಾಗ ನನಗೆ ಇರಲಿಲ್ಲ.

ಮುಕ್ಕಾಲು ಗಂಟೆ ಕಾದು ಹೊರಟೆವು. ದೋಣಿಗಾಲ್ ಹತ್ತಿರ ರಸ್ತೆ ಬಿಡುವಾಯಿತು, ಐವತ್ತು ಅರವತ್ತರಲ್ಲಿ ಓಡಿಸಿದೆ. ಮುಳ್ಳು ತಾನಾಗಿ ಅರ್ಧಕ್ಕೆ ಇಳಿಯಿತು. ಎಸಿ ಹಾಕಿದರೆ ತಣ್ಣಗೆ ಬಂತು. ಕಾಯಿಲೆ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿತ್ತು, ಕೇಳಿಸಿಕೊಳ್ಳುವ ಕಿವಿ ನನಗಿರಲಿಲ್ಲ.

ಸಕಲೇಶಪುರದಲ್ಲಿ ಭಾನುವಾರ ಅಂತ ಗ್ಯಾರೇಜುಗಳು ಬಾಗಿಲು ಹಾಕಿದ್ದವು. ತೆರೆದಿದ್ದದ್ದು ಒಂದು ಬ್ಯಾಟರಿ ಅಂಗಡಿ, ವೈರಿಂಗ್ ಕೆಲಸವನ್ನೂ ಮಾಡುತ್ತಾರೆ. ಅರವತ್ತು ದಾಟಿದ ಭಾಯಿ ಒಬ್ಬರು ಸ್ಟೂಲಿನ ಮೇಲೆ ಕೂತು ಯಾವುದೋ ಟ್ರ್ಯಾಕ್ಟರಿನ ಡೈನಮೋ ಬಿಚ್ಚುತ್ತಿದ್ದರು. ನನ್ನ ಪುರಾಣವನ್ನೆಲ್ಲ ಹೇಳಿದೆ. ಥರ್ಮೋಸ್ಟಾಟ್ ಆಯ್ತು, ಪಂಪ್ ಆಯ್ತು, ರೇಡಿಯೇಟರ್ ಆಯ್ತು ಅಂತ. ಅವರು ತಲೆ ಎತ್ತದೆ ಒಂದೇ ಒಂದು ಪ್ರಶ್ನೆ ಕೇಳಿದರು.

"ಬಿಸಿ ಯಾವಾಗ ಆಗ್ತದೆ ಸಾರ್? ಓಡೋವಾಗ್ಲಾ, ನಿಂತಾಗ್ಲಾ?"

ಎರಡು ತಿಂಗಳಲ್ಲಿ ಮೂರು ಕಡೆ ಹೋಗಿ ಬಂದಿದ್ದೆ. ಯಾರೂ ಇದನ್ನು ಕೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಕೇಳದೆಯೂ ಹೇಳಬಹುದಿತ್ತು, ಆದರೆ ಹೇಳಬೇಕಾದ ವಿಷಯ ಅದು ಅಂತ ನನಗೆ ಗೊತ್ತಿರಲಿಲ್ಲ.

"ನಿಂತಾಗ" ಅಂದೆ. "ಓಡುವಾಗ ಏನೂ ಇಲ್ಲ."

"ಎಸಿನೂ ಹಂಗೇನಾ?"

"ಹಂಗೇ."

ಅವರು ಕೈ ಒರೆಸಿಕೊಂಡು ಎದ್ದರು.

ಲೆಕ್ಕ ಇಷ್ಟೇ. ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ, ತೆವಳುವಾಗ ಆ ಗಾಳಿ ಇರುವುದಿಲ್ಲ, ಫ್ಯಾನ್ ತಿರುಗಬೇಕು. ಓಡುವಾಗಲೂ ಬಿಸಿಯಾದರೆ ಪಂಪು, ವಾಲ್ವು, ಕಟ್ಟಿಕೊಂಡ ರೇಡಿಯೇಟರು ಇವುಗಳ ಮೇಲೆ ಅನುಮಾನ ಪಡಬೇಕು. ನಿಂತಾಗ ಮಾತ್ರ ಬಿಸಿಯಾದರೆ ಮೊದಲ ಅನುಮಾನ ಫ್ಯಾನಿನ ಮೇಲೆ. ನಮ್ಮಂಥ ಎಷ್ಟೋ ಸಣ್ಣ ಕಾರುಗಳಲ್ಲಿ ರೇಡಿಯೇಟರಿಗೂ ಅದರ ಮುಂದಿರುವ, ಎಸಿಯ ಬಿಸಿ ಹೊರಹಾಕುವ ಕಂಡೆನ್ಸರಿಗೂ ಒಂದೇ ಫ್ಯಾನು. ಅದು ನಿಂತರೆ ಎಂಜಿನ್ನೂ ಕುದಿಯುತ್ತದೆ, ಎಸಿಯೂ ಬಿಸಿ ಗಾಳಿ ಊದುತ್ತದೆ. ನಾನು ಒಂದೇ ಕಾಯಿಲೆಯ ಎರಡು ಲಕ್ಷಣಗಳನ್ನು ಮೂರು ಅಂಗಡಿಗೆ ಹಂಚಿ, ಮೂರು ಕಡೆ ದುಡ್ಡು ಕೊಟ್ಟಿದ್ದೆ.

"ಫ್ಯಾನ್ ಚೆಕ್ ಮಾಡಿದ್ರು ಭಾಯಿ, ಬ್ಯಾಟರಿಯಿಂದ ಡೈರೆಕ್ಟ್ ಕೊಟ್ಟು ನೋಡಿದ್ರು, ಚೆನ್ನಾಗೇ ಸುತ್ತುತ್ತೆ" ಅಂದೆ.

"ಡೈರೆಕ್ಟ್ ಕೊಟ್ರೆ ಸುತ್ತೇ ಸುತ್ತುತ್ತೆ ಸಾರ್. ಮೋಟ್ರು ಸರಿ ಇದೆ ಅಂತ ಗೊತ್ತಾಯ್ತು. ಮೋಟ್ರಿಗೆ ಕರೆಂಟ್ ಬರ್ತಾ ಇದ್ಯಾ ಅಂತ ಗೊತ್ತಾಯ್ತಾ?"

ಎಂಜಿನ್ ಚಾಲೂ ಮಾಡಿಸಿ, ಎಸಿ ಹಾಕಿಸಿ, ಮತ್ತೆ ಸ್ಟೂಲಿನ ಮೇಲೆ ಕೂತರು. "ಕಾಯೋಣ" ಅಂದರು. ಫ್ಯಾನು ಸುತ್ತುತ್ತಲೇ ಇತ್ತು. ಟೀ ತರಿಸಿದರು. ಇಪ್ಪತ್ತು ನಿಮಿಷ ಹೋಯಿತು. ನನಗೆ ಒಳಗೊಳಗೇ ಚಡಪಡಿಕೆ, ಈ ಮುದುಕ ಸುಮ್ಮನೆ ಪೆಟ್ರೋಲ್ ಸುಡಿಸುತ್ತಿದ್ದಾನೆ ಅಂತ. ಆಮೇಲೆ ಫ್ಯಾನಿನ ದನಿ ಸಣ್ಣಗಾಯಿತು, ತೊದಲಿತು, ನಿಂತಿತು. ಮುಳ್ಳು ಮೇಲೇರತೊಡಗಿತು. ಭಾಯಿ ಬಲ್ಬ್ ಹೋಲ್ಡರಿಗೆ ಎರಡು ವೈರು ಸುತ್ತಿದ ತಮ್ಮ ಟೆಸ್ಟ್ ಲ್ಯಾಂಪ್ ತಂದು ಅಲ್ಲೊಮ್ಮೆ ಇಲ್ಲೊಮ್ಮೆ ಚುಚ್ಚಿ ನೋಡಿದರು. ಫ್ಯಾನಿನ ಹಿಂದೆ ಕೈ ತೂರಿಸಿ ಒಂದು ಕನೆಕ್ಟರ್ ಎಳೆದು ನನ್ನ ಅಂಗೈಯಲ್ಲಿಟ್ಟರು.

ಬೆರಳಿನ ಎರಡು ಗೆಣ್ಣಿನಷ್ಟು ಪ್ಲಾಸ್ಟಿಕ್ಕು. ಬೆಳ್ಳಗಿರಬೇಕಾದದ್ದು ಕೆಂಡದ ಮೇಲೆ ಮರೆತುಬಿಟ್ಟ ಹಪ್ಪಳದಂತೆ ಒಂದು ಬದಿ ಕಂದಿ, ಉಬ್ಬಿ, ಮುದುಡಿಕೊಂಡಿತ್ತು. ಒಳಗಿನ ಹಿತ್ತಾಳೆಯ ನಾಲಗೆಗೆ ಹಸಿರು ಕಿಲುಬು. ಕನೆಕ್ಟರ್ ಸಡಿಲವಾದರೆ ಕರೆಂಟು ಹರಿಯಲು ಜಾಗ ಕಿರಿದಾಗುತ್ತದೆ. ಫ್ಯಾನು ಹತ್ತು ಆಂಪಿಯರ್ ಆಸುಪಾಸು ಎಳೆಯುವ ವಸ್ತು, ಜಾಗ ಕಿರಿದಾದಲ್ಲಿ ಬಿಸಿಯಾಗುತ್ತದೆ. ಬಿಸಿಗೆ ಪ್ಲಾಸ್ಟಿಕ್ ಇನ್ನಷ್ಟು ಸಡಿಲ, ಸಡಿಲಾದಷ್ಟೂ ಇನ್ನಷ್ಟು ಬಿಸಿ. ತಣ್ಣಗಿದ್ದಾಗ ಮುಟ್ಟಿಕೊಂಡಿರುತ್ತದೆ, ಕಾದಾಗ ಬಿಟ್ಟುಕೊಳ್ಳುತ್ತದೆ. ಗ್ಯಾರೇಜಿಗೆ ತಂದು, ಸಾಲಿನಲ್ಲಿ ನಿಲ್ಲಿಸಿ, ಮೆಕ್ಯಾನಿಕ್ ಬರುವಷ್ಟರಲ್ಲಿ ಅದು ತಣ್ಣಗಾಗಿ ಏನೂ ಅರಿಯದ ಮಗುವಿನ ಹಾಗೆ ಕೂತಿರುತ್ತಿತ್ತು.

ಹಳೇ ಕನೆಕ್ಟರ್ ಕತ್ತರಿಸಿ ತೆಗೆದು, ಹೊಸದಕ್ಕೆ ವೈರು ಬೆಸೆದು, ಟೇಪ್ ಸುತ್ತಿ ಕೊಟ್ಟರು. ಎಷ್ಟಾಯ್ತು ಅಂದೆ. "ಕನೆಕ್ಟರ್ ಅರವತ್ತು, ಕೆಲಸಕ್ಕೆ ನೂರು ಕೊಡಿ." ಇನ್ನೂರರ ನೋಟು ಕೊಟ್ಟೆ. ಅವರು ಡ್ರಾಯರಿನಲ್ಲಿ ತಡಕಾಡಿದರು, ಚಿಲ್ಲರೆ ಇರಲಿಲ್ಲ, ಪಕ್ಕದ ಬೇಕರಿಗೆ ಹೋಗಿ ಮುರಿಸಿ ತಂದರು. ನಾನು ಆ ನಲವತ್ತು ರೂಪಾಯಿಗೆ ಕಾದು ನಿಂತಿದ್ದೆ. ಇಸಕೊಂಡೆ ಕೂಡ.

ಬಾಳ್ಳುಪೇಟೆ ದಾಟುವಾಗ ಹೆಂಡತಿ ಕೇಳಿದಳು, "ಆ ಭಾಯಿ ಕುಡಿಸಿದ ಟೀಗೆ ಯಾರು ಕೊಟ್ಟದ್ದು?"

ಆವತ್ತಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮೂರು ಗ್ಯಾರೇಜಿನಲ್ಲಿ ನಾನು ತುಟಿ ಪಿಟಕ್ಕೆನ್ನದೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ 11,400 ಕೊಟ್ಟಿದ್ದೆ, ಯಾಕೆಂದರೆ ಪ್ರತಿ ಸಲವೂ ಕೈಯಲ್ಲಿ ಹಿಡಿದು ತೋರಿಸಬಲ್ಲ ಒಂದು ಪಾರ್ಟ್ ಇತ್ತು, ಅದಕ್ಕೊಂದು ಡಬ್ಬ ಇತ್ತು, ಡಬ್ಬದ ಮೇಲೆ ಎಂಆರ್‌ಪಿ ಇತ್ತು. ನಾವು ವಸ್ತುವಿಗೆ ದುಡ್ಡು ಕೊಡುತ್ತೇವೆ. ಬಿಚ್ಚಿ ಹಾಕಿದ ಶ್ರಮಕ್ಕೆ ಗೊಣಗುತ್ತ ಕೊಡುತ್ತೇವೆ. ಕಂಡುಹಿಡಿದದ್ದಕ್ಕೆ ಕೊಡುವುದೇ ಇಲ್ಲ. ಡಾಕ್ಟರಿಗೆ ಕನ್ಸಲ್ಟೇಷನ್ ಕೊಡುತ್ತೇವೆ, ಅವರು "ಏನೂ ಇಲ್ಲ, ನೀರು ಜಾಸ್ತಿ ಕುಡೀರಿ" ಅಂದರೂ. ಮೆಕ್ಯಾನಿಕ್ ಅರ್ಧ ಗಂಟೆ ಕಿವಿಗೊಟ್ಟು ಕೇಳಿ "ಏನೂ ಇಲ್ಲ, ಒಂದು ನಟ್ ಸಡಿಲಾಗಿತ್ತು" ಅಂದರೆ, ಥ್ಯಾಂಕ್ಸ್ ಹೇಳಿ ಬರುತ್ತೇವೆ. ಅವರಿಗೂ ಬಾಡಿಗೆ ಇದೆ, ಹುಡುಗರ ಸಂಬಳ ಇದೆ. ಕಂಡುಹಿಡಿದ ಕೂಲಿ ಎಲ್ಲಿಂದಾದರೂ ಬರಲೇಬೇಕಲ್ಲ, ಪಾರ್ಟಿನ ಬೆಲೆಯೊಳಗೆ ಅಡಗಿ ಬರುತ್ತದೆ. ಹಾಗಾಗಿ ಇಪ್ಪತ್ತು ನಿಮಿಷ ಕಾಯುವುದಕ್ಕಿಂತ ಒಂದು ಪಂಪ್ ಬದಲಿಸುವುದು ಅವರಿಗೆ ಲಾಭ. ಇದನ್ನು ಮೋಸ ಅಂತ ಕರೆಯಲು ಈಗ ನನಗೆ ಬಾಯಿ ಬರುವುದಿಲ್ಲ. ಕೆಲವರು ಮೋಸ ಮಾಡುತ್ತಾರೆ, ಅದು ಬೇರೆ. ಈ ಮೂವರು ಮಾಡಿದ್ದು ಮೋಸವಲ್ಲ, ಅಂದಾಜು. ಅಂದಾಜಿಗೆ ನಾನೇ ದರ ಕಟ್ಟಿದ್ದೆ.

ದೊಡ್ಡ ಸರ್ವಿಸ್ ಸೆಂಟರುಗಳಲ್ಲಿ ಇದೇ ಆಟ ಎಸಿ ರೂಮಿನಲ್ಲಿ, ಕಾಫಿಯ ಜತೆ ನಡೆಯುತ್ತದೆ. ಆಯಿಲ್ ಬದಲಿಸಲು ಹೋದವನ ಎಸ್ಟಿಮೇಟಿನಲ್ಲಿ ಎಂಜಿನ್ ಫ್ಲಶ್, ಥ್ರಾಟಲ್ ಬಾಡಿ ಕ್ಲೀನಿಂಗ್, ಎಸಿಗೆ ಸುಗಂಧದ ಸ್ಪ್ರೇ, ಇಲಿ ಓಡಿಸುವ ಸ್ಪ್ರೇ ಎಲ್ಲವೂ ಹಾಜರು. (ಆ ಇಲಿ ಸ್ಪ್ರೇ ಹೊಡೆಸಿದ ಹನ್ನೊಂದನೇ ದಿನಕ್ಕೆ ನಮ್ಮ ಇಲಿ ಹೆಡ್‌ಲೈಟ್ ವೈರ್ ಕಡಿದಿತ್ತು. ಈಗ ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟಿದ್ದೇನೆ. ಇಲಿ ಬಂದಿಲ್ಲ, ಆದರೆ ಕಾರು ಹತ್ತಿದವರೆಲ್ಲ ನನ್ನನ್ನು ಅನುಮಾನದಿಂದ ನೋಡುತ್ತಾರೆ.) ಕಾರಿನ ಕಂಪ್ಯೂಟರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕುವುದಕ್ಕೆ ಅಲ್ಲಿ ಬೇರೆ ಚಾರ್ಜು. ಅದನ್ನು ನಾವು ಕೊಡುತ್ತೇವೆ, ಯಾಕೆಂದರೆ ಸ್ಕ್ಯಾನರ್ ಕೂಡ ಒಂದು ವಸ್ತು, ಪರದೆಯಿದೆ, ಅಕ್ಷರ ಮೂಡುತ್ತದೆ. ಆದರೆ ಸ್ಕ್ಯಾನರ್ ಹೇಳುವುದು ಏನಾಗಿದೆ ಅಂತ, ಯಾಕಾಗಿದೆ ಅಂತಲ್ಲ.

ಒಂದು ಉದಾಹರಣೆ. ಕಳೆದ ಮಳೆಗಾಲ ಗಾಡಿ ಗಕ್ ಗಕ್ ಅನ್ನತೊಡಗಿತು, ಚೆಕ್ ಎಂಜಿನ್ ದೀಪ ಬಂತು. ಸ್ಕ್ಯಾನರಿನಲ್ಲಿ ಪಿ0301. ಒಂದನೇ ಸಿಲಿಂಡರಿನಲ್ಲಿ ಮಿಸ್‌ಫೈರ್, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಅಂತ ಅರ್ಥ. ಪ್ಲಗ್ ಇರಬಹುದು, ಅದಕ್ಕೆ ಕಿಡಿಯ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಇರಬಹುದು, ಇಂಜೆಕ್ಟರ್ ಇರಬಹುದು, ಕಂಪ್ರೆಷನ್ನೇ ಹೋಗಿರಬಹುದು. ಅವಸರದವರು ನಾಲ್ಕೂ ಕಾಯಿಲ್ ಬದಲಿಸಿ ಅನ್ನುತ್ತಾರೆ. ನಮ್ಮ ಬೀದಿಯ ಹುಡುಗನೊಬ್ಬ ಒಂದು ಪೈಸೆ ಖರ್ಚಿಲ್ಲದ ಕೆಲಸ ಮಾಡಿದ: ಒಂದನೇ ಸಿಲಿಂಡರಿನ ಕಾಯಿಲನ್ನು ಎರಡನೆಯದಕ್ಕೆ, ಎರಡನೆಯದನ್ನು ಒಂದಕ್ಕೆ ಹಾಕಿ, ಕೋಡ್ ಅಳಿಸಿ, ಒಂದು ಸುತ್ತು ಓಡಿಸಿದ. ಈಗ ಪಿ0302 ಬಂತು. ಕಾಯಿಲೆ ಕಾಯಿಲಿನ ಜತೆಗೇ ಎರಡನೇ ಮನೆಗೆ ಹೋಗಿತ್ತು! ಒಂದೇ ಕಾಯಿಲ್ ಸಾಕಾಯಿತು. ಅವನಿಗೆ ಕೆಲಸದ ದುಡ್ಡಿನ ಮೇಲೆ ಮುನ್ನೂರು ಸೇರಿಸಿ ಕೊಟ್ಟೆ. "ಇದ್ಯಾಕೆ ಅಂಕಲ್?" ಅಂದ. "ಯೋಚನೆ ಮಾಡಿದ್ದಕ್ಕೆ" ಅಂದೆ. ಅವನಿಗೆ ಅರ್ಥವಾಗಲಿಲ್ಲ ಅನಿಸುತ್ತದೆ, ಜೇಬಿಗಿಟ್ಟುಕೊಂಡ.

ನನ್ನ ಕಡೆಯಿಂದಲೂ ಒಂದು ಬದಲಾವಣೆ ಆಗಿದೆ. ಮೊದಲೆಲ್ಲ "ಏನೋ ಸೌಂಡ್ ಬರ್ತಿದೆ ನೋಡಿ" ಅಂತ ಕೀಲಿ ಕೊಟ್ಟು ಹೋಗುತ್ತಿದ್ದೆ. ಈಗ ಎಂಥ ಸೌಂಡು, ಯಾವಾಗ, ಯಾವ ಕಡೆಯಿಂದ ಅಂತ ಚೀಟಿಯಲ್ಲಿ ಬರೆದುಕೊಂಡು ಹೋಗುತ್ತೇನೆ. ಈ ವಿಷಯದಲ್ಲಿ ಕನ್ನಡಿಗರು ಭಾಗ್ಯವಂತರು, ಎಷ್ಟೊಂದು ಅನುಕರಣ ಪದಗಳು ನಮ್ಮಲ್ಲಿ! ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಟಕಟಕ ಅಂದರೆ ಆಕ್ಸಲ್ ತುದಿಯ ಸಿವಿ ಜಾಯಿಂಟ್ ಸವೆದಿರಬಹುದು. ಹಂಪ್ ಇಳಿದಾಗ ಕಟಕ್ ಅಂದರೆ ಸಸ್ಪೆನ್ಷನ್ನಿನ ಲಿಂಕ್ ರಾಡೋ ಲೋಯರ್ ಆರ್ಮ್ ಬುಷ್ಷೋ ಇರಬಹುದು. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಕಿರ್‍ರ್ ಅಂದು ಸುಮ್ಮನಾದರೆ ಬೆಲ್ಟು. ವೇಗ ಏರಿದಂತೆ ಗುಂಯ್ ಅನ್ನುವುದೂ ಏರಿದರೆ ವೀಲ್ ಬೇರಿಂಗು. ಕೀಲಿ ತಿರುಗಿಸಿದಾಗ ಟಿಕ್ ಟಿಕ್ ಟಿಕ್ ಅಷ್ಟೇ ಆದರೆ ಬ್ಯಾಟರಿ ಸೋತಿದೆ ಅಥವಾ ಅದರ ಟರ್ಮಿನಲ್ಲಿಗೆ ಪುಡಿ ಹಿಡಿದಿದೆ. ಬ್ಯಾಟರಿ ಅಂಗಡಿಗೆ ಓಡುವ ಮುಂಚೆ ಮುನ್ನೂರು ರೂಪಾಯಿಯ ಮಲ್ಟಿಮೀಟರ್ ಇಟ್ಟು ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ. ಎಂಜಿನ್ ಆರಿಸಿ ಒಂದಷ್ಟು ಹೊತ್ತಾದ ಮೇಲೆ 12.6 ವೋಲ್ಟ್ ಹತ್ತಿರ ಇದ್ದರೆ ಬ್ಯಾಟರಿ ತುಂಬಿದೆ. ಎಂಜಿನ್ ಓಡುವಾಗ 14ರ ಆಸುಪಾಸು ಬರದಿದ್ದರೆ ಬ್ಯಾಟರಿಯನ್ನು ಬಯ್ಯಬೇಡಿ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ನೋಡಿಸಿ. ಹೊಸ ಬ್ಯಾಟರಿ ಹಾಕಿಸಿಯೂ ನಾಲ್ಕು ದಿನಕ್ಕೆ ತಳ್ಳಿ ಸ್ಟಾರ್ಟ್ ಮಾಡಿದವರನ್ನು ನಾನು ಬಲ್ಲೆ. ಅವರ ಕಾರನ್ನು ತಳ್ಳಿಯೂ ಇದ್ದೇನೆ.

ಗೊತ್ತಿಲ್ಲದ್ದಕ್ಕೆ ತೆರುವ ಬೆಲೆ ಕೆಲವೊಮ್ಮೆ ಒಂದು ಕೀಲಿ ತಿರುಗಿಸುವಷ್ಟರಲ್ಲಿ ಮುಗಿದುಹೋಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಔಟರ್ ರಿಂಗ್ ರೋಡ್ ಕೆರೆಯಾದಾಗ ಗೆಳೆಯನೊಬ್ಬನ ಕಾರು ನೀರಿನಲ್ಲಿ ಆಫ್ ಆಯಿತು. ಅವನು ಮತ್ತೆ ಸ್ಟಾರ್ಟ್ ಮಾಡಿದ. ಗಾಳಿಯನ್ನು ಅಮುಕಬಹುದು, ನೀರನ್ನು ಅಮುಕಲಾಗದು. ಸಿಲಿಂಡರಿಗೆ ನೀರು ಹೋಗಿದ್ದರಿಂದ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಗ್ಗಿತು. ಇನ್ಶೂರೆನ್ಸ್ ಇತ್ತು, ಎಂಜಿನ್ ಪ್ರೊಟೆಕ್ಷನ್ ಆ್ಯಡ್-ಆನ್ ಇರಲಿಲ್ಲ. ಮುಂದಿನದ್ದನ್ನು ಅವನೇ ಹೇಳಿಕೊಳ್ಳುವುದಿಲ್ಲ, ನಾನೇಕೆ ಹೇಳಲಿ.

"ಇಷ್ಟೆಲ್ಲ ಯಾಕೆ, ಮಾರಿ ಹೊಸದು ತಗೊಳ್ಳಿ" ಅನ್ನುವವರು ಪ್ರತಿ ಮದುವೆಮನೆಯಲ್ಲೂ ಸಿಗುತ್ತಾರೆ. ಅವರಿಗೆಂದೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. 2018ರಿಂದ ಏಳು ವರ್ಷದಲ್ಲಿ ಈ ಕಾರಿಗೆ ಟೈರು, ಬ್ಯಾಟರಿ, ಸರ್ವಿಸು, ರಿಪೇರಿ, ನನ್ನ ಮೂರ್ಖತನದ 11,400 ಎಲ್ಲ ಸೇರಿ 1,43,000 ಚಿಲ್ಲರೆ. ಹೊಸ ಕಾರಿಗೆ 6 ಲಕ್ಷ ಸಾಲ ಮಾಡಿದರೆ ಶೇ 9ರ ಬಡ್ಡಿಯಲ್ಲಿ ಐದು ವರ್ಷಕ್ಕೆ ಇಎಂಐ ತಿಂಗಳಿಗೆ ಸುಮಾರು 12,450. ಅಂದರೆ ನನ್ನ ಏಳು ವರ್ಷದ ರಿಪೇರಿ, ಅವರ ಒಂದು ವರ್ಷದ ಕಂತಿಗೂ ಸಾಲದು. ಇದರಲ್ಲಿ ಸ್ವಲ್ಪ ವಕೀಲಿಕೆ ಇದೆ, ಒಪ್ಪುತ್ತೇನೆ. ಘಾಟಿಯಲ್ಲಿ ಹೀಟರ್ ಹಾಕಿಕೊಂಡು ಕೂತದ್ದಕ್ಕೆ, ರಸ್ತೆ ಪಕ್ಕ ಕಾದ ಮುಕ್ಕಾಲು ಗಂಟೆಗೆ ನೋಟ್‌ಬುಕ್ಕಿನಲ್ಲಿ ಕಾಲಂ ಇಲ್ಲ. 2027ಕ್ಕೆ ಹದಿನೈದು ತುಂಬುತ್ತದೆ, ಆರ್‌ಸಿ ನವೀಕರಿಸಬೇಕು. 600 ರೂಪಾಯಿ ಇದ್ದ ಆ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರ 5,000 ಮಾಡಿದೆ. ಹಳೇ ಗಾಡಿ ಇಟ್ಟುಕೊಳ್ಳಬೇಡಿ ಅಂತ ಇನ್ನೂ ಹೇಗೆ ಹೇಳಬೇಕು! ಇನ್ನೊಂದು ಕೈಯಲ್ಲಿ ಕೊಟ್ಟದ್ದೂ ಇದೆ: 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು.

ಸಕಲೇಶಪುರದಿಂದ ಬಂದ ವಾರ, ಡಿಕ್ಕಿಯ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಸಿಕ್ಕಿತು. ಮಾರ್ಚಿನಲ್ಲಿ ಬದಲಿಸಿದ ಹಳೇ ಥರ್ಮೋಸ್ಟಾಟ್. "ಹಳೇ ಪಾರ್ಟ್ ವಾಪಸ್ ಕೊಡಿ" ಅಂತ ಕೇಳಿ ಪಡೆಯುವ ಜಾಣತನ ನನಗೆ ಆಗಲೇ ಇತ್ತು, ಅದನ್ನು ಏನು ಮಾಡಬೇಕೆಂಬ ಜಾಣತನ ಇರಲಿಲ್ಲ. ಹಿತ್ತಾಳೆಯ ಪುಟ್ಟ ಬಿಲ್ಲೆ, ನಡುವೆ ಸ್ಪ್ರಿಂಗ್, ಅಂಚಿನಲ್ಲಿ 82 ಅಂತ ಅಚ್ಚು. ಒಳಗೆ ಮೇಣ ಇರುತ್ತದೆ. 82 ಡಿಗ್ರಿಗೆ ಮೇಣ ಕರಗಿ ಹಿಗ್ಗಿ ವಾಲ್ವನ್ನು ತಳ್ಳಿ ತೆರೆಯುತ್ತದೆ, ಕೂಲೆಂಟಿಗೆ ರೇಡಿಯೇಟರಿನ ದಾರಿ ಸಿಗುತ್ತದೆ. ಕರೆಂಟಿಲ್ಲ, ಕಂಪ್ಯೂಟರಿಲ್ಲ.

ಕೈಗೆ ಸಿಕ್ಕ ಪಾತ್ರೆಯಲ್ಲಿ ನೀರು ಹಾಕಿ, ದಾರ ಕಟ್ಟಿ ಅದನ್ನು ಇಳಿಬಿಟ್ಟು ಒಲೆ ಹಚ್ಚಿದೆ. ತಳದಲ್ಲಿ ಸಣ್ಣ ಗುಳ್ಳೆಗಳು ಎದ್ದವು. ವಾಲ್ವು ಅಲುಗಲಿಲ್ಲ. ನನಗೆ ಒಳಗೊಳಗೇ ಆಸೆ: ತೆರೆಯದಿರಲಿ, ನಿಜಕ್ಕೂ ಕೆಟ್ಟಿರಲಿ, 2,600 ಆದರೂ ಸಾರ್ಥಕವಾಗಲಿ. ನೀರು ಸೊಯ್ ಅನ್ನತೊಡಗಿತು. ಆಗ ಅದು ನಿಧಾನವಾಗಿ, ಯಾರನ್ನೂ ಕೇಳದೆ, ಬಾಯಿ ಬಿಟ್ಟಿತು. ಒಲೆ ಆರಿಸಿದೆ. ಸ್ವಲ್ಪ ಹೊತ್ತಿಗೆ ಅಷ್ಟೇ ನಿಧಾನವಾಗಿ ಮುಚ್ಚಿಕೊಂಡಿತು. ಮತ್ತೆ ಕಾಯಿಸಿದೆ, ಮತ್ತೆ ತೆರೆಯಿತು. ಏನೂ ಆಗಿರಲಿಲ್ಲ ಅದಕ್ಕೆ.

ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. "ಹಾಲು ಕಾಯಿಸುವ ಪಾತ್ರೆಯಲ್ಲಿ ಎಂತ ಬೇಯಿಸ್ತಾ ಇದ್ದೀರಿ ನೀವು?"

ಹೊಸ ಹಾಲಿನ ಪಾತ್ರೆ, 350. ಅದನ್ನೂ ಕಾರಿನ ಖರ್ಚಿಗೇ ಬರೆದಿದ್ದೇನೆ.